ಮಳೆ ಹಿಡಿಯುವ ಮುಂಚೆ ಬೈಕಿನ ಟೈರ್ ಕಡೆ ಬಗ್ಗಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಮಲೆನಾಡಿನಲ್ಲಿ ಮಳೆ ಶುರುವಾಯಿತೆಂದರೆ 'ಬೈಕ್ ಸ್ಕಿಡ್ ಆಗಿ ಸವಾರನಿಗೆ ಗಾಯ' ಎಂಬ ಸುದ್ದಿ ಮತ್ತೆ ಮತ್ತೆ ಓದಬೇಕಾಗುತ್ತದೆ. ವೇಗ ಎಷ್ಟಿತ್ತು, ಹೆಲ್ಮೆಟ್ ಇತ್ತೇ, ರಸ್ತೆಯಲ್ಲಿ ಗುಂಡಿ ಇತ್ತೇ ಎಂದೆಲ್ಲ ಬರೆಯುತ್ತಾರೆ. ಟೈರ್ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ಗಾಡಿಗೂ ರಸ್ತೆಗೂ ನಡುವೆ ಇರುವುದು ಅಂಗೈಗಿಂತ ಚಿಕ್ಕದಾದ ಎರಡು ರಬ್ಬರಿನ ತುಣುಕು ಮಾತ್ರ. ಬ್ರೇಕ್ ಎಷ್ಟೇ ಒಳ್ಳೆಯದಿರಲಿ, ಅದರ ಕೆಲಸ ಆಗಬೇಕಾದದ್ದು ಅಲ್ಲೇ. ಟೈರ್ ಮತ್ತು ಪಂಕ್ಚರ್ ಕೆಲಸದಲ್ಲಿರುವವರಾಗಿ ನಮಗೆ ಗೊತ್ತಿರುವುದನ್ನು, ಮಳೆಗೆ ಇನ್ನೂ ಸಮಯವಿರುವಾಗಲೇ, ನಿಮ್ಮ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಮುಂದಿನ ಟೈರ್. ನಮ್ಮ ಕಡೆ ಹಿಂದಿನದು ಸವೆದರೆ ಬದಲಿಸುತ್ತಾರೆ, ಮುಂದಿನದನ್ನು ಗಾಡಿ ಮಾರುವವರೆಗೂ ಮುಟ್ಟುವುದಿಲ್ಲ. ಎಂಜಿನ್ನಿನ ಎಳೆತ ಹಿಂದಿನ ಚಕ್ರದ ಮೇಲಿರುವುದರಿಂದ ಅದು ಬೇಗ ಸವೆಯುತ್ತದೆ, ಮುಂದಿನದು ನಿಧಾನ. ಹಾಗಾಗಿ ಆರೇಳು ವರ್ಷ ಹಳೆಯ ಮುಂದಿನ ಟೈರಿನಲ್ಲೂ ಮೈಮೇಲೆ ಕೊರೆದಂತಿರುವ ತೋಡುಗಳು ಆಳವಾಗಿಯೇ ಕಾಣುತ್ತವೆ. ಆದರೆ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಉಗುರಿನಿಂದ ಒತ್ತಿದರೆ ಗುರುತೂ ಬೀಳುವುದಿಲ್ಲ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ, ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಇನ್ನೂ ಹೆಚ್ಚು. ಹಿಂದಿನ ಚಕ್ರ ಜಾರಿದರೆ ಸುಧಾರಿಸಿಕೊಳ್ಳಲು ಬಹಳ ಸಲ ಒಂದು ಅವಕಾಶ ಸಿಗುತ್ತದೆ. ಮುಂದಿನದು ಜಾರಿದರೆ ಅಷ್ಟೂ ಸಿಗುವುದಿಲ್ಲ. ಎಬಿಎಸ್ ಇದೆಯಲ್ಲ ಎನ್ನುವವರಿದ್ದಾರೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಅದು ಕಡ್ಡಾಯವಾಗಿದೆ, ಒಳ್ಳೆಯದೇ. ಆದರೆ ಎಬಿಎಸ್ ಚಕ್ರ ಕಚ್ಚಿಕೊಳ್ಳದಂತೆ ತಡೆಯುತ್ತದೆ ಅಷ್ಟೆ. ಒಣಗಿದ ರಬ್ಬರಿಗೆ ಇಲ್ಲದ ಹಿಡಿತವನ್ನು ಅದು ಎಲ್ಲಿಂದಲೂ ತಂದುಕೊಡಲಾರದು.

ಟೈರಿನ ವಯಸ್ಸು ಟೈರಿನ ಮೇಲೇ ಬರೆದಿರುತ್ತದೆ. ಪಕ್ಕೆಯಲ್ಲಿ ಚಿಕ್ಕದೊಂದು ಅಂಡಾಕಾರದ ಅಚ್ಚಿನೊಳಗೆ ನಾಲ್ಕು ಅಂಕಿ ಹುಡುಕಿ. 2423 ಎಂದಿದ್ದರೆ 2023ನೇ ಇಸವಿಯ 24ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹೊಸ ಟೈರ್ ಕೊಳ್ಳುವಾಗ ಅಂಗಡಿಯವರಿಗೆ ಈ ಅಂಕಿ ತೋರಿಸಿ ಎಂದೇ ಕೇಳಿ, ಜೊತೆಗೆ ಐಎಸ್‌ಐ ಗುರುತನ್ನೂ ನೋಡಿ. ಎರಡು ವರ್ಷ ಅಟ್ಟದ ಮೇಲಿದ್ದ ಟೈರನ್ನು ಕಡಿಮೆ ಬೆಲೆಗೆ ಕೊಟ್ಟರೂ ನಾವಾದರೆ ಬೇಡ ಎನ್ನುತ್ತೇವೆ. ಬಳಕೆಯಲ್ಲಿರುವ ಟೈರಿಗೆ ಐದು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ಒಳಗೂ ಹೊರಗೂ ನೋಡಿಸಬೇಕು. ಹತ್ತು ವರ್ಷವಾದರೆ ಎಷ್ಟೇ ಚೆನ್ನಾಗಿ ಕಂಡರೂ ತೆಗೆಯಲೇಬೇಕು. ತೋಡಿನ ತಳದಲ್ಲಿ ಕೂದಲೆಳೆಯಂಥ ಬಿರುಕು, ಪಕ್ಕೆಯಲ್ಲಿ ಉಬ್ಬು, ನೂಲು ಕಾಣುವ ಗಾಯ ಇದ್ದರೆ ವಯಸ್ಸು ನೋಡುವ ಪ್ರಶ್ನೆಯೇ ಇಲ್ಲ. ಪಕ್ಕೆ ಉಬ್ಬಿದೆ ಎಂದರೆ ಗುಂಡಿಯ ಅಂಚಿಗೆ ಬಡಿದು ಒಳಗಿನ ನೂಲು ಹರಿದಿದೆ ಎಂದೇ ಲೆಕ್ಕ. ಅದು ಯಾವ ತಿರುವಿನಲ್ಲಿ ಒಡೆಯುತ್ತದೆಂದು ಹೇಳಲಾಗದು. ಇನ್ನೊಂದು ಕೆಟ್ಟ ಅಭ್ಯಾಸವೆಂದರೆ ಗಾಡಿ ತೊಳೆದ ಮೇಲೆ ಟೈರ್ ಕಪ್ಪಗೆ ಹೊಳೆಯಲೆಂದು ಡೀಸೆಲ್ ಅಥವಾ ಹಳೆ ಆಯಿಲ್ ಹಚ್ಚುವುದು. ಅದು ರಬ್ಬರನ್ನು ತಿನ್ನುತ್ತದೆ, ರಸ್ತೆಗೆ ತಾಗುವ ಭಾಗಕ್ಕೆ ಮೆತ್ತಿದರೆ ಮೊದಲ ತಿರುವಿನಲ್ಲೇ ಗಾಡಿ ಜಾರುತ್ತದೆ. ಟೈರಿಗೆ ಸೋಪುನೀರು ಸಾಕು.

ಸವೆತದ ಮಾತು. ಪಕ್ಕೆಯ ಮೇಲ್ತುದಿಯಲ್ಲಿ ಚಿಕ್ಕ ತ್ರಿಕೋನ ಅಥವಾ 'ಟಿಡಬ್ಲ್ಯುಐ' (ಸವೆತದ ಸೂಚಕ) ಎಂಬ ಅಕ್ಷರ ಇರುತ್ತದೆ. ಅದರ ನೇರಕ್ಕೆ ತೋಡಿನೊಳಗೆ ಬೆರಳಾಡಿಸಿದರೆ ಸಣ್ಣ ದಿಬ್ಬ ಸಿಗುತ್ತದೆ. ಮೇಲಿನ ರಬ್ಬರ್ ಸವೆದು ಆ ದಿಬ್ಬಕ್ಕೆ ಸಮವಾಯಿತೆಂದರೆ ಟೈರಿನ ಆಯುಸ್ಸು ಮುಗಿಯಿತು. ಕೇಂದ್ರ ಮೋಟಾರು ವಾಹನ ನಿಯಮ 94ರ ಪ್ರಕಾರ ದ್ವಿಚಕ್ರದ ಟೈರಿನ ತೋಡು 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅದು ಕಾನೂನಿನ ಕನಿಷ್ಠ. ಅರಸೀಕೆರೆ, ಕಡೂರಿನ ಬಯಲುಸೀಮೆಯ ಒಣ ರಸ್ತೆಗೆ ಅಷ್ಟರಲ್ಲಿ ಸಾಗೀತು. ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ಮಳೆಗೆ ಸಾಲದು. ಹಿಂದಿನ ಟೈರಿನ ತೋಡು 2 ಮಿಲಿಮೀಟರಿಗೆ ಇಳಿದಿದ್ದರೆ ಮೇ ಕೊನೆಯೊಳಗೆ ಬದಲಿಸಿ ಎನ್ನುವುದೇ ನಮ್ಮ ಸಲಹೆ. ತೋಡಿನ ಕೆಲಸ ಟೈರಿನಡಿ ಸಿಕ್ಕ ನೀರನ್ನು ಪಕ್ಕಕ್ಕೆ ತಳ್ಳುವುದು. ಆಳ ಇಲ್ಲದಿದ್ದರೆ ನೀರು ಅಲ್ಲೇ ಉಳಿದು ರಬ್ಬರ್ ರಸ್ತೆಯನ್ನು ಮುಟ್ಟುವುದೇ ಇಲ್ಲ. ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ ನೇರವಾಗಿ ಹೆಚ್ಚು ಓಡಿದ ಗಾಡಿಯ ಟೈರ್ ನಡುವೆ ಚಪ್ಪಟೆಯಾಗಿರುತ್ತದೆ. ಅಂಥ ಗಾಡಿಯನ್ನು ಘಾಟಿಯ ತಿರುವಿನಲ್ಲಿ ವಾಲಿಸಿದರೆ ಚಪ್ಪಟೆ ಭಾಗದ ಅಂಚು ದಾಟುವಾಗ ಗಾಡಿ ತಟ್ಟನೆ ಒಂದು ಕಡೆಗೆ ಬಿದ್ದಂತಾಗುತ್ತದೆ. ನಡುವೆ ಸವೆದು ಅಂಚುಗಳಲ್ಲಿ ಹೊಸದರಂತಿದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಬೋಳಾದ ಟೈರಿಗೆ ಕಾದ ಕತ್ತಿಯಿಂದ ಹೊಸ ತೋಡು ಕೆತ್ತಿಸುವವರಿದ್ದಾರೆ. ದಯವಿಟ್ಟು ಇದನ್ನು ಮಾಡಬೇಡಿ. ಕೆತ್ತುವುದು ನೂಲಿನ ಮೇಲೆ ಉಳಿದಿರುವ ಕೊನೆಯ ಪದರವನ್ನು. ಸವೆದ ಟೈರಿನ ಮೇಲೆ ಹೊಸ ರಬ್ಬರ್ ಪದರ ಕೂರಿಸಿದ ಟೈರ್ ಕೂಡ ದ್ವಿಚಕ್ರಕ್ಕೆ ಬೇಡ. ಆ ಪದರ ಕಿತ್ತು ಬಂದರೆ ನಿಲ್ಲಲು ಇರುವುದು ಇನ್ನೊಂದೇ ಚಕ್ರ.

ಅಳತೆಯ ವಿಷಯದಲ್ಲಿ ಆಗುವ ತಪ್ಪು ಅಂಗಡಿಯಲ್ಲೇ ಆಗುತ್ತದೆ. 80/100-18 54 ಪಿ ಎಂದು ಟೈರಿನ ಮೇಲಿದೆ ಎನ್ನಿ. ಅಗಲ 80 ಮಿಲಿಮೀಟರ್, ಪಕ್ಕೆಯ ಎತ್ತರ ಅಗಲದ ನೂರಕ್ಕೆ ನೂರು, ರಿಮ್ 18 ಇಂಚು. ಎಲ್ಲರೂ ನೋಡುವುದು ಇಷ್ಟನ್ನೇ. ಕೊನೆಯ 54 ಎನ್ನುವುದು ಹೊರೆಯ ಸಂಕೇತ, ಅಂದರೆ ಆ ಒಂದು ಟೈರ್ 212 ಕೆಜಿ ಹೊರಬಲ್ಲದು. ಪಿ ಎಂದರೆ ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿ. ಇದೇ 80/100-18 ಅಳತೆಯಲ್ಲಿ 47 ಪಿ ಟೈರ್ ಕೂಡ ಬರುತ್ತದೆ. ಅದು ಹೊರುವುದು 175 ಕೆಜಿ ಮಾತ್ರ, ಇರುವುದು ಮುಂದಿನ ಚಕ್ರಕ್ಕೆ. ಅಳತೆ ಒಂದೇ ಎಂದು ಇದನ್ನು ಹಿಂದಕ್ಕೆ ಹಾಕಿದರೆ 37 ಕೆಜಿಯ ಕೊರತೆ ಬಿತ್ತು.

ಇದು ಬರೀ ಲೆಕ್ಕದ ಮಾತಲ್ಲ. ಡೇರಿಗೆ ಹಾಲು ಸಾಗಿಸುವ ಬೈಕುಗಳನ್ನು ಹಾಸನ ಜಿಲ್ಲೆಯ ಯಾವ ಊರಲ್ಲಾದರೂ ಬೆಳಿಗ್ಗೆ ನೋಡಬಹುದು. 40 ಲೀಟರಿನ ತುಂಬಿದ ಕ್ಯಾನ್ ಒಂದಕ್ಕೆ 45 ಕೆಜಿಗೂ ಹೆಚ್ಚು ತೂಕ. ಎರಡು ಕ್ಯಾನ್, ಸವಾರ, ಗಾಡಿ ಎಲ್ಲ ಸೇರಿ 265 ಕೆಜಿ ಆಸುಪಾಸು. ಕ್ಯಾನ್ ತೂಗುವುದು ಹಿಂದಿನ ಚಕ್ರದ ಪಕ್ಕದಲ್ಲೇ ಆದ್ದರಿಂದ ಈ ಭಾರದಲ್ಲಿ ಮೂರರಲ್ಲಿ ಎರಡು ಪಾಲು ಅದರ ಮೇಲೇ ಕೂರುತ್ತದೆ. 47ರ ಟೈರ್ ಇದ್ದರೆ ಮಿತಿ ಅಲ್ಲಿಗೇ ಮುಗಿಯಿತು. ಒಂದು ಗುಂಡಿಗೆ ಬಿದ್ದರೆ ನೂಲು ಹರಿಯುತ್ತದೆ. ಕಾಫಿ ಮೂಟೆ, ಗ್ಯಾಸ್ ಸಿಲಿಂಡರ್, ಗೊಬ್ಬರದ ಚೀಲ ಸಾಗಿಸುವವರಿಗೂ ಇದೇ ಮಾತು. ಬಿಲ್ ಕೊಡುವ ಮುನ್ನ ಹೊರೆಯ ಆ ಎರಡಂಕಿಯನ್ನು ಹಳೆಯ ಟೈರಿನ ಅಂಕಿಯ ಜೊತೆ ಹೋಲಿಸಿ. ಅದಕ್ಕಿಂತ ಹೆಚ್ಚಿದ್ದರೆ ಚಿಂತೆಯಿಲ್ಲ, ಕಡಿಮೆ ಇರಕೂಡದು.

ದಪ್ಪ ಟೈರಿನ ಹುಚ್ಚು ಈಗ ಹುಡುಗರಲ್ಲಿ ಜೋರಾಗಿದೆ. 80/100-18 ಬದಲಿಗೆ 90/90-18 ಹಾಕಿದರೆ ಒಟ್ಟು ಎತ್ತರದಲ್ಲಿ ವ್ಯತ್ಯಾಸ ಎರಡೇ ಮಿಲಿಮೀಟರ್, ರಿಮ್ಮಿನ ಅಗಲ ಒಪ್ಪಿದರೆ ತೊಂದರೆಯಿಲ್ಲ. 100/90-18 ಹಾಕಿದರೆ ಎತ್ತರ 20 ಮಿಲಿಮೀಟರ್ ಹೆಚ್ಚುತ್ತದೆ, ಚೈನ್ ಕವರಿಗೂ ಮಡ್‌ಗಾರ್ಡಿಗೂ ಇದ್ದ ಸಂದು ಹೋಗುತ್ತದೆ. ತೋಟದ ದಾರಿಯ ಕೆಂಪು ಜೇಡಿ ಆ ಸಂದಿನಲ್ಲಿ ತುಂಬಿಕೊಂಡರೆ ಚಕ್ರ ತಿರುಗುವುದೇ ನಿಲ್ಲುತ್ತದೆ. ಮುಂದಿನ ಚಕ್ರದಲ್ಲಿ ಹೀಗಾದರೆ ಗತಿ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ ಕಿರಿದಾದ ರಿಮ್ಮಿಗೆ ಅಗಲ ಟೈರ್ ಕೂರಿಸಿದರೆ ಅದರ ಬೆನ್ನು ಅಮುಕಿ ಚೂಪಾಗುತ್ತದೆ, ರಸ್ತೆಗೆ ತಾಗುವ ಜಾಗ ಹೆಚ್ಚುವ ಬದಲು ನಡುವಿನ ಒಂದು ಪಟ್ಟಿಗೇ ಇಳಿಯುತ್ತದೆ. ಕಂಪನಿ ಕೊಟ್ಟ ಅಳತೆ ಬಿಟ್ಟು ಒಂದು ಹೆಜ್ಜೆಗಿಂತ ಆಚೆ ಹೋಗಬೇಡಿ.

ಮೈಮೇಲೆ ರಬ್ಬರಿನ ದಪ್ಪ ದಿಮ್ಮಿಗಳಿರುವ ಬಟನ್ ಟೈರ್ ಬೇಕೇ ಎಂದು ತೋಟದ ಕಡೆಯವರು ಕೇಳುತ್ತಾರೆ. ದಿನದ ಓಡಾಟದ ಬಹುಪಾಲು ತೋಟದೊಳಗೆ, ಮಣ್ಣಿನ ದಾರಿಯಲ್ಲಿ ಆಗಿದ್ದರೆ ಬೇಕು. ದಿಮ್ಮಿಗಳ ನಡುವಿನ ಅಗಲ ಸಂದು ಮಣ್ಣನ್ನು ಉದುರಿಸುತ್ತದೆ. ಆದರೆ ಅದೇ ಸಂದಿನಿಂದಾಗಿ ಒದ್ದೆ ಡಾಂಬರಿನ ಮೇಲೆ ತಾಗುವ ರಬ್ಬರ್ ಕಡಿಮೆ, ಬ್ರೇಕ್ ಹಿಡಿದಾಗ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ತೋಟ ಅರ್ಧ, ಟಾರ್ ರೋಡ್ ಅರ್ಧ ಎನ್ನುವವರಿಗೆ ಹತ್ತಿರ ಹತ್ತಿರ ದಿಮ್ಮಿಗಳಿರುವ, ಎರಡೂ ಕಡೆಗೆ ಮಾಡಿದ ಟೈರ್ ಸಿಗುತ್ತದೆ. ಪಾಚಿ ಕಟ್ಟಿದ ಸಿಮೆಂಟ್ ರಸ್ತೆಗೆ ಮಾತ್ರ ಯಾವ ಟೈರೂ ಮದ್ದಲ್ಲ.

ಇನ್ನು ಗಾಳಿ. ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲೇ, ಖರ್ಚಿಲ್ಲದೆ ಸರಿಹೋಗುವುದೂ ಇಲ್ಲೇ. ಎಷ್ಟು ಗಾಳಿ ಬೇಕೆಂದು ಚೈನ್ ಕವರಿನ ಮೇಲೋ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೋ ಚೀಟಿ ಅಂಟಿಸಿರುತ್ತಾರೆ. ಸ್ಕೂಟರಿನಲ್ಲಿ ಸೀಟಿನಡಿ ಇರಬಹುದು. ಚೀಟಿ ಹರಿದಿದ್ದರೆ ಗಾಡಿಯ ಕೈಪಿಡಿಯಲ್ಲಿದೆ. 100ರಿಂದ 125 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ ಮುಂದೆ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು, ಹಿಂದೆ ಒಬ್ಬರೇ ಇದ್ದರೆ 28ರಿಂದ 33. ಹಿಂದೆ ಒಬ್ಬರು ಕೂತರೆ ಎಷ್ಟು ಏರಿಸಬೇಕೆಂದು ಅದೇ ಚೀಟಿ ಹೇಳುತ್ತದೆ. ಕೆಲವು ಗಾಡಿಗಳಲ್ಲಿ 40ರವರೆಗೂ ಇದೆ. ಟೈರಿನ ಪಕ್ಕೆಯಲ್ಲಿ ಬರೆದಿರುವ ಗರಿಷ್ಠ ಅಂಕಿ ಬೇರೆ, ಅದನ್ನು ನೋಡಿ ತುಂಬಿಸಬೇಡಿ.

ಗಾಳಿ ನೋಡಬೇಕಾದದ್ದು ಟೈರ್ ತಣ್ಣಗಿರುವಾಗ, ಬೆಳಿಗ್ಗೆ ಗಾಡಿ ತೆಗೆದ ಕೂಡಲೇ ಅಥವಾ ನಿಲ್ಲಿಸಿ ಎರಡು ಮೂರು ಗಂಟೆ ಆದ ಮೇಲೆ. ಓಡಿ ಬಿಸಿಯಾದ ಟೈರ್ ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಹೆಚ್ಚಾಗಿದೆ ಎಂದು ಗಾಳಿ ಹೊರಬಿಟ್ಟರೆ ಆರಿದ ಮೇಲೆ ಕಡಿಮೆ ಬೀಳುತ್ತದೆ. ತಾಪ ಹತ್ತು ಡಿಗ್ರಿ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ, ಆದ್ದರಿಂದ ಏಪ್ರಿಲ್ ಬಿಸಿಲಲ್ಲಿ ಹಾಕಿಸಿದ ಗಾಳಿ ಜುಲೈಗೆ ಸಾಲದು. ಮುಳ್ಳಯ್ಯನಗಿರಿಗೆ ಹೋಗುವ ಕೆಲವರು ಎತ್ತರದಲ್ಲಿ ಗಾಳಿ ಹಿಗ್ಗುತ್ತದೆಂದು ಬೆಟ್ಟದ ಬುಡದ ಕೈಮರದಲ್ಲೇ ಗಾಳಿ ಬಿಡಿಸುತ್ತಾರೆ. ಬೇಕಿಲ್ಲ. ಚಿಕ್ಕಮಗಳೂರು ಪೇಟೆಯಿಂದ ಆ ತುದಿಗೆ ಎಂಟುನೂರು ಮೀಟರ್ ಚಿಲ್ಲರೆ ಏರು. ಅದರಿಂದ ಆಗುವ ವ್ಯತ್ಯಾಸ ಒಂದು ಪಿಎಸ್‌ಐ ಚಿಲ್ಲರೆ, ಅಷ್ಟನ್ನು ಮೇಲಿನ ಚಳಿಯೇ ಸರಿದೂಗಿಸುತ್ತದೆ.

ಗಾಳಿ ಕಡಿಮೆ ಇದ್ದರೆ ಟೈರ್ ಎರಡೂ ಅಂಚಲ್ಲಿ ಸವೆಯುತ್ತದೆ, ಪಕ್ಕೆ ಮಡಿಸಿ ಮಡಿಸಿ ಬಿಸಿಯೇರುತ್ತದೆ, ಹ್ಯಾಂಡಲ್ ಭಾರವಾಗುತ್ತದೆ. ಹೆಚ್ಚಾದರೆ ನಡುವೆ ಸವೆತ, ಕಲ್ಲು ಸಿಕ್ಕಿದಲ್ಲೆಲ್ಲ ಕುಪ್ಪಳಿಕೆ. ಟ್ಯೂಬ್ ಇರುವ ಗಾಡಿಯವರು ವಾಲ್ವ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಅದು ರಿಮ್ಮಿನಿಂದ ನೇರವಾಗಿ ಹೊರಬಂದಿರಬೇಕು. ಓರೆಯಾಗಿದ್ದರೆ, ಗಾಳಿ ಕಡಿಮೆ ಇದ್ದಾಗ ಬ್ರೇಕ್ ಹಿಡಿದು ಟೈರ್ ರಿಮ್ಮಿನ ಮೇಲೆ ಜರುಗಿದೆ, ಟ್ಯೂಬನ್ನೂ ಎಳೆದಿದೆ. ಇನ್ನೊಂದಿಷ್ಟು ಜರುಗಿದರೆ ವಾಲ್ವ್ ಬುಡದಲ್ಲಿ ಹರಿದು ಗಾಳಿಯೆಲ್ಲ ಒಂದೇ ಸಲ ಹೋಗುತ್ತದೆ. ಗಾಳಿ ಪೂರ್ತಿ ಬಿಟ್ಟು, ಟೈರ್ ಸರಿಸಿ, ವಾಲ್ವ್ ನೇರ ಮಾಡಿಸಿ ಮತ್ತೆ ಹಾಕಿಸಬೇಕು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬಿದ್ದಿದ್ದರೆ ಮೊಳೆ ಹುಡುಕಬೇಡಿ. ಗುಂಡಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿದ ಗುರುತು ಅದು, ಕಾರಣ ಮತ್ತೆ ಗಾಳಿಯ ಕೊರತೆಯೇ. ಕಡ್ಡಿ ಚಕ್ರದ ರಿಮ್ ನಮ್ಮ ಮಳೆಗೆ ಒಳಗಡೆ ತುಕ್ಕು ಹಿಡಿಯುತ್ತದೆ. ಟೈರ್ ಬದಲಿಸುವಾಗ ಹೊಸ ಟ್ಯೂಬ್, ಹೊಸ ರಿಮ್ ಟೇಪ್ ಎರಡನ್ನೂ ಹಾಕಿಸಿ. ಟೇಪ್ ಸವೆದರೆ ಕಡ್ಡಿಯ ತುದಿಯೇ ಟ್ಯೂಬನ್ನು ಚುಚ್ಚುತ್ತದೆ.

ಟ್ಯೂಬ್‌ಲೆಸ್ ಟೈರಿನ ದೊಡ್ಡ ಲಾಭವೆಂದರೆ ಮೊಳೆ ಚುಚ್ಚಿದರೂ ಗಾಳಿ ನಿಧಾನ ಇಳಿಯುತ್ತದೆ. ಚಾರ್ಮಾಡಿಯಂಥ ಕಡೆ ರಾತ್ರಿ ಅಂಗಡಿ ಸಿಗುವುದಿಲ್ಲ, ತೂತಿಗೆ ರಬ್ಬರಿನ ಬತ್ತಿ ತುರುಕಿ ಮುಚ್ಚುವ ಕಿಟ್ ಸೀಟಿನಡಿ ಇರಲಿ. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ನೋಡಿಕೊಂಡು ಇಕ್ಕಳದಿಂದ ಕೀಳಬೇಕು. ಅದೇ ಓರೆಯಲ್ಲಿ ಅರದ ಕಡ್ಡಿಯನ್ನು ಐದಾರು ಸಲ ಒಳಗೆ ಹೊರಗೆ ಆಡಿಸಿ ತೂತಿನ ಗೋಡೆ ಒರಟು ಮಾಡಬೇಕು. ಬತ್ತಿಯನ್ನು ಸೂಜಿಯ ಕಣ್ಣಿಗೆ ಅರ್ಧಕ್ಕೆ ಪೋಣಿಸಿ, ಅಂಟು ಹಚ್ಚಿ, ಎರಡೂ ಬಾಲ ಹೊರಗೆ ಒಂದೂವರೆ ಸೆಂಟಿಮೀಟರ್ ಉಳಿಯುವಷ್ಟು ಒಳತಳ್ಳಿ, ಸೂಜಿಯನ್ನು ಒಂದೇ ಎಳೆತಕ್ಕೆ ಹೊರಗೆಳೆಯಬೇಕು. ಬಾಲವನ್ನು ಎರಡು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಗಾಳಿ ತುಂಬಿ, ಸೋಪುನೀರು ಬಿಟ್ಟು ಗುಳ್ಳೆ ಬರುತ್ತದೆಯೇ ನೋಡಿ. ಇದು ಊರು ಸೇರುವವರೆಗಿನ ವ್ಯವಸ್ಥೆ. ಆಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಬೇಕು. ರಸ್ತೆಗೆ ತಾಗುವ ಭಾಗದಲ್ಲಿ, 6 ಮಿಲಿಮೀಟರಿಗಿಂತ ಸಣ್ಣ ತೂತಿಗೆ ಮಾತ್ರ ಬತ್ತಿ ಸರಿ. ಅಂಚಿಗೆ, ಪಕ್ಕೆಗೆ ಹಾಕಿದ ಬತ್ತಿ ನಿಲ್ಲುವುದಿಲ್ಲ. ಆ ಭಾಗ ಪ್ರತಿ ಸುತ್ತಿಗೂ ಮಡಿಸುತ್ತದೆ. ಟ್ಯೂಬ್‌ಲೆಸ್ ಟೈರಿಗೆ ಟ್ಯೂಬ್ ತುರುಕಿ ಓಡಿಸಿದರೆ ಆ ಲಾಭವೂ ಹೋಯಿತು, ಪಂಕ್ಚರ್ ಆದಾಗ ಟ್ಯೂಬಿನ ಗಾಡಿಯಂತೆಯೇ ತಟ್ಟನೆ ಇಳಿಯುತ್ತದೆ.

ಹೊಸ ಟೈರ್ ಕೂರಿಸಿದ ಮೇಲೆ ಅಂಗಡಿ ಬಿಡುವ ಮುನ್ನ ನಾಲ್ಕು ಕಡೆ ನೋಡಿ. ಪಕ್ಕೆಯ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಬೇಕು. ರಿಮ್ಮಿನ ಅಂಚಿನ ಪಕ್ಕ ಟೈರಿನ ಮೇಲೆ ಒಂದು ಸಣ್ಣ ಗೆರೆ ಸುತ್ತಲೂ ಇರುತ್ತದೆ. ಆ ಗೆರೆ ಎಲ್ಲ ಕಡೆಯೂ ರಿಮ್ಮಿನಿಂದ ಒಂದೇ ದೂರದಲ್ಲಿರಬೇಕು. ಒಂದು ಕಡೆ ಒಳಗೆ ಮುಳುಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ. ಗಾಳಿ ಬಿಡಿಸಿ, ಅಂಚಿಗೆ ಸೋಪುನೀರು ಹಚ್ಚಿ ಮತ್ತೆ ತುಂಬಿಸಲು ಹೇಳಿ. ಪಕ್ಕೆಯ ಮೇಲೆ ಬಣ್ಣದ ಚುಕ್ಕೆ ಇದ್ದರೆ ಅದು ವಾಲ್ವ್ ನೇರಕ್ಕೆ ಬರಲಿ. ಟೈರಿನ ಹಗುರ ಭಾಗ ಅದು. ಹಿಂದಿನ ಚಕ್ರ ಬಿಚ್ಚಿದ್ದರೆ ಚೈನಿನ ಸಡಿಲ, ಚಕ್ರ ನೇರ ಕೂತಿದೆಯೇ ಎಂದು ತೋರಿಸುವ ಎರಡೂ ಬದಿಯ ಗೆರೆ ಗುರುತು, ಆಕ್ಸಲ್ ನಟ್ಟಿನ ಬಿಗಿ ಒಮ್ಮೆ ನೋಡಿ, ಬ್ರೇಕ್ ಒತ್ತಿ ನೋಡಿದ ಮೇಲೇ ಹೊರಡಿ. ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ 200 ಕಿಲೋಮೀಟರ್ ಗಟ್ಟಿ ಬ್ರೇಕ್, ಜೋರು ವಾಲಿಕೆ ಬೇಡ. ಟೈರ್ ಹಾಕಿಸಿದ ದಿನವೇ ಮಳೆಯಲ್ಲಿ ಘಾಟಿ ಇಳಿಯಲು ಹೊರಡಬೇಡಿ.

ರಸ್ತೆಯ ಕಡೆಗೂ ಎರಡು ಮಾತು. ಕಾಫಿ ಹೂಮಳೆಯ ಮೊದಲ ಅರ್ಧ ಗಂಟೆ, ರಸ್ತೆಯ ಆಯಿಲ್ ಮತ್ತು ಧೂಳು ಸೇರಿ ಲೋಳೆಯಾದಾಗ, ಜಡಿಮಳೆಗಿಂತ ಹೆಚ್ಚು ಜಾರುತ್ತದೆ. ಶುಂಠಿ, ಆಲೂಗಡ್ಡೆ ಹೊಲದಿಂದ ಟ್ರ್ಯಾಕ್ಟರ್ ಹತ್ತುವ ಕಡೆ ಮಣ್ಣು, ತೋಟದ ಬೇಲಿಯ ಪಕ್ಕ ಸಿಲ್ವರ್ ಓಕ್ ತರಗೆಲೆ, ಚನ್ನರಾಯಪಟ್ಟಣ, ಅರಸೀಕೆರೆ ಕಡೆ ಡಿಸೆಂಬರಿನಲ್ಲಿ ರಸ್ತೆ ಮೇಲೆ ಹರಡಿದ ರಾಗಿ, ಹುರುಳಿಯ ಒಕ್ಕಣೆ, ಇವೆಲ್ಲದರ ಮೇಲೆ ಟೈರ್ ಹೊಸದಾದರೂ ಹಿಡಿತ ಸಿಗುವುದಿಲ್ಲ. ಮುಂಚೆಯೇ ವೇಗ ಇಳಿಸಿ, ಗಾಡಿಯನ್ನು ನೇರ ಇಟ್ಟು, ಬ್ರೇಕ್ ಮುಟ್ಟದೆ ದಾಟಬೇಕು.

ಇನ್ನು ಆಡಳಿತಕ್ಕೆ ನಮ್ಮ ಕೋರಿಕೆ. ದತ್ತಪೀಠ, ಮುಳ್ಳಯ್ಯನಗಿರಿ ನೋಡಲು ಬರುವವರಿಗೆ ಚಿಕ್ಕಮಗಳೂರಿನಲ್ಲಿ ಬೈಕ್ ಬಾಡಿಗೆಗೆ ಕೊಡುತ್ತಾರೆ. ಬರುವವರಿಗೆ ಘಾಟಿ ಹೊಸದು, ಗಾಡಿಯೂ ಹೊಸದು. ಸಾರಿಗೆ ಇಲಾಖೆಯವರು ಮಳೆಗೆ ಮುಂಚೆ ಆ ಗಾಡಿಗಳ ಟೈರಿನ ತೋಡು ಮತ್ತು ತಯಾರಿ ವಾರ ಪರೀಕ್ಷಿಸಬೇಕು. ತಪಾಸಣೆಗೆ ನಿಲ್ಲುವ ಪೊಲೀಸರೂ ಕಾಗದದ ಜೊತೆಗೆ ಒಮ್ಮೆ ಬಗ್ಗಿ ಟೈರ್ ನೋಡಲಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತವಾಗಿ ಕೊಡಬೇಕೆಂಬುದು ತೈಲ ಕಂಪನಿಗಳದ್ದೇ ನಿಯಮ. ಆದರೆ ಯಂತ್ರ ಕೆಟ್ಟಿದೆ ಎಂಬ ಬೋರ್ಡ್, ಮುರಿದ ಪೈಪ್, ಒಂದಕ್ಕೊಂದು ತಾಳೆಯಾಗದ ಗೇಜ್ ಇರುವ ಬಂಕುಗಳು ನಮ್ಮಲ್ಲಿ ಕಡಿಮೆಯಿಲ್ಲ. ಗೇಜ್ ಐದು ಪಿಎಸ್‌ಐ ತಪ್ಪು ತೋರಿಸಿದರೆ, ಚೀಟಿ ಓದಿ ಸರಿಯಾಗಿ ಕೇಳಿ ಹಾಕಿಸಿದವನ ಟೈರೂ ತಪ್ಪು ಗಾಳಿಯಲ್ಲೇ ಓಡುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗಳು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಜೂನ್ ಒಳಗೆ ಒಂದು ಸುತ್ತು ಹೋಗಿ, ಪ್ರತಿ ಬಂಕಿನ ಗೇಜ್ ಪರೀಕ್ಷಿಸಿ, ಪರೀಕ್ಷಿಸಿದ ದಿನಾಂಕದ ಚೀಟಿಯನ್ನು ಯಂತ್ರದ ಮೇಲೆ ಜನರಿಗೆ ಕಾಣುವಂತೆ ಅಂಟಿಸಬೇಕು ಎಂದು ಕೇಳಿಕೊಳ್ಳುತ್ತೇವೆ.

ಇಂತಿ,
ದ್ವಿಚಕ್ರ ಟೈರ್ ಮತ್ತು ಪಂಕ್ಚರ್ ಕೆಲಸದವರು,
ಚಿಕ್ಕಮಗಳೂರು